ಜಾರಿದರೆ ಬಿಟ್ಟುಬಿಡು

ಗೋಣಿಕೊಪ್ಪ

ಪ್ರೀತಿಯ ಪುಟ್ಟಾ,

ನಿನ್ನ ಕಾಗದ ತಲುಪಿತು. ಹೂಮಳೆ ಬಿದ್ದದ್ದು, ಕಾಳುಮೆಣಸು ಒಣಗಿಸಿದ್ದು, ಮಾಡಿನ ಹೆಂಚು ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಉತ್ತರ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅತ್ತೆ, ಅಂಬಾಸಿಡರ್ ಕಾರಿನ ಬಾನೆಟ್ ನಾನೊಬ್ಬನೇ ಕೂರಿಸಬೇಕು, ಕೈ ಜಾರಿ ಮುಂದಿನ ಗಾಜಿನ ಮೇಲೆ ಬಿದ್ದರೆ ಎಲ್ಲ ಮುಗಿಯಿತು" ಅಂತ. ಅದು ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಎದ್ದು ಕನ್ನಡಕ ಹುಡುಕಿ ಮತ್ತೆ ಓದಿದೆ.

ಗಾಜಿನ ಬಗ್ಗೆ ಬರೆದಿದ್ದೀಯ. ಹೊಸ ಪೇಂಟ್ ಬಗ್ಗೆ ಬರೆದಿದ್ದೀಯ. ನಿನ್ನ ಕೈ ಬಗ್ಗೆ ಒಂದು ಮಾತೂ ಇಲ್ಲ.

ಯಾರನ್ನು ಕರೆಯಬಹುದಿತ್ತು, ಯಾಕೆ ಕರೆಯುತ್ತಿಲ್ಲ ಅಂತ ನಾನು ಕೇಳುವುದಿಲ್ಲ. ಆ ಗಾಡಿ ಶೆಡ್ಡಿನಲ್ಲಿ ಇಷ್ಟು ವರ್ಷ ಯಾಕೆ ನಿಂತಿತ್ತು ಅನ್ನುವುದೂ ಬೇಡ. ಬರೆದು ಯಾರಿಗೆ ಏನಾಗಬೇಕು?

ಆದರೆ "ಎಲ್ಲ ಮುಗಿಯಿತು" ಅಂದರೆ ಏನು ಹೇಳು. ಗಾಜು ತಾನೇ? ಒಡೆದರೆ ಒಡೆಯಲಿ. ಅಂಬಾಸಿಡರ್ ಏನು ಮಹಾರಾಜರು ಒಂದೇ ಒಂದು ಮಾಡಿಸಿಕೊಂಡ ಗಾಡಿಯಾ? ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಬರುತ್ತಲೇ ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸು, ಗುಜರಿಯವರ ಹತ್ತಿರ ಕೇಳು. ತಗಡು ನಗ್ಗಿದರೆ ಟಿಂಕರಿಂಗ್ ಮಾಡುವವರು ಬಡಿದು ಸರಿ ಮಾಡುತ್ತಾರೆ. ಪೇಂಟ್ ಎದ್ದರೆ ಮತ್ತೆ ಹೊಡೆಯುತ್ತೀಯ. ದುಡ್ಡು ಹೋಗುತ್ತದೆ, ಎರಡು ದಿನ ಊಟ ಸೇರುವುದಿಲ್ಲ. ಅಷ್ಟೇ.

ನನಗೆ ಭಯ ಇರುವುದು ಬೇರೆ ಕಡೆ. ಏನಾದರೂ ಜಾರಿದಾಗ ಕೈ ನಮ್ಮನ್ನು ಕೇಳದೆ ಹಿಡಿಯಲು ಹೋಗುತ್ತದೆ. ಅದೂ ತಿಂಗಳುಗಟ್ಟಲೆ ಉಜ್ಜಿ, ಪುಟ್ಟಿ ಹಾಕಿ, ಬಣ್ಣ ಹೊಡೆದ ವಸ್ತುವಾದರೆ ಕೇಳುವುದೇ ಬೇಡ. ಗಾಜಿನ ಮೇಲೆ ಬೀಳಬಾರದು ಅಂತ ನೀನು ಅಷ್ಟು ಯೋಚನೆ ಮಾಡಿದ್ದೀಯ ಅಂದರೆ, ಬೀಳುವಾಗ ಖಂಡಿತ ಹಿಡಿಯಲು ಹೋಗುತ್ತೀಯ. ಹೋಗಬೇಡ. ಬಿಟ್ಟುಬಿಡು.

ಇದು ನನ್ನ ಮಾತಲ್ಲ, ನಿನ್ನ ಅಜ್ಜನದು. ಅಪ್ಪ ಜೀಪ್ ಬಿಚ್ಚಿದಾಗೆಲ್ಲ ಇನ್ನೊಂದು ತುದಿ ಹಿಡಿಯುವವಳು ನಾನು. ಲಂಗದಲ್ಲೇ ನಿಂತಿರುತ್ತಿದ್ದೆ. "ಜಾರಿದರೆ ಬಿಡು, ಕಾಲು ಹಿಂದೆ ತೆಗಿ" ಅಂತ ಮೊದಲೇ ಹೇಳಿಬಿಡುತ್ತಿದ್ದರು. ಆಮೇಲೆ "ಸ್ವಲ್ಪ ಎತ್ತು, ಇಳಿಸು, ಸಾಕು" ಬಿಟ್ಟರೆ ಮಾತೇ ಇಲ್ಲ. ಸ್ಪ್ಯಾನರ್ ಮಾತ್ರ ಯಾವತ್ತೂ ನನ್ನ ಕೈಗೆ ಬರಲಿಲ್ಲ. ಅದು ಅಣ್ಣನ ಕೈಗೆ ಹೋಯಿತು. ನಾನೂ ಕೇಳಲಿಲ್ಲ. ಈಗ ಅನ್ನಿಸುತ್ತದೆ, ಒಂದು ಸಲ ಕೇಳಬಹುದಿತ್ತು. ಕೊಡುತ್ತಿದ್ದರೋ ಇಲ್ಲವೋ, ಕೇಳಿದ್ದಾದರೂ ಇರುತ್ತಿತ್ತು. ಹಾಗಾಗಿ ನಾನು ಹೇಳುವ ಬುದ್ಧಿಮಾತೆಲ್ಲ ಹಿಡಿದುಕೊಂಡು ನಿಂತವಳದು, ಬೋಲ್ಟ್ ಬಿಗಿದವಳದಲ್ಲ. ಅಷ್ಟು ಲೆಕ್ಕಕ್ಕೆ ಹಿಡಿದು ಓದು.

ಹಿಡಿದು ನಿಂತವಳಿಗೆ ಒಂದು ಗೊತ್ತಾಗುತ್ತದೆ. ಬಾನೆಟ್ ವಿಷಯದಲ್ಲಿ ಭಾರಕ್ಕಿಂತ ಅಗಲದ್ದೇ ಕಾಟ. ಭಾರ ನೀನು ಎತ್ತುತ್ತೀಯ, ಕಾಫಿ ಮೂಟೆ ಎತ್ತುವ ಹುಡುಗ. ಆದರೆ ಎಡಗಡೆ ಹಿಂಜ್, ಅಂದರೆ ಕೀಲಿನ ಹತ್ತಿರ ನಿಂತರೆ ಬಲಗಡೆ ಮೂಲೆ ಎಲ್ಲಿ ಹೋಗುತ್ತಿದೆ ಅಂತ ಕಾಣುವುದಿಲ್ಲ. ಇತ್ತ ಒಂದು ಚೂರು ಇಳಿಸಿದರೆ ಅತ್ತ ಮೂಲೆ ಎದ್ದು ಗಾಜಿನ ಕಡೆ ತಿರುಗುತ್ತದೆ. ಜಾರುವುದು ಅಲ್ಲಿ. ಕೈ ಸೋತು ಅಲ್ಲ.

ಅದಕ್ಕೇ ಶೆಡ್ಡಿನ ತೊಲೆಯಿಂದ ಎರಡು ಹಗ್ಗ ಇಳಿಬಿಡು. ಮುಂದಿನ ಎರಡು ಮೂಲೆಗೆ ಒಂದೊಂದು. ಒಂದೇ ಹಗ್ಗ ನಡುವೆ ಕಟ್ಟಿದರೆ ತಿರುಗುತ್ತದೆ. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ತೋಟದ ಹಳೇ ದಪ್ಪ ಹಗ್ಗ ಇದ್ದರೆ ಅದೇ ಆಗಲಿ. ತಗಡಿಗೆ ತಾಗುವ ಕಡೆ ಹಳೇ ಸೀರೆ ಸುತ್ತು. ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡು, ಆ ಶೆಡ್ ನಂಬುವ ಹಾಗಿಲ್ಲ. ಮುಂದಿನ ಭಾರ ಹಗ್ಗ ಹೊತ್ತರೆ ನೀನು ಹಿಂದಿನ ಅಂಚು ಮಾತ್ರ ನೋಡಿಕೊಂಡರೆ ಸಾಕು. ಹಿಂದಿನ ಎರಡು ಮೂಲೆಗೆ ಸೈಕಲ್ ಟ್ಯೂಬ್ ಸೀಳಿ ಟೇಪ್ ಹಾಕು. ಗಾಜಿನ ಮೇಲೆ ಕಂಬಳಿ ಹೊದಿಸು, ಎರಡು ಪದರ. ಇದೆಲ್ಲ ನಿನಗೆ ಗೊತ್ತೇ ಇರಬಹುದು. ಗೊತ್ತಿದ್ದರೆ ಬೈದುಕೊಳ್ಳಬೇಡ.

ನಿನ್ನ ಮಾವನ ಬಲಗೈ ಕಥೆ ನಾನು ಮತ್ತೆ ಹೇಳುವುದಿಲ್ಲ. ಜೀಪಿನ ಮಡ್‌ಗಾರ್ಡ್, ಒಬ್ಬರೇ, ಜಾರಿತು, ಹಿಡಿದರು. ಮಿಕ್ಕಿದ್ದು ನೀವೆಲ್ಲ ಕಂಡದ್ದೇ. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಅವತ್ತು ನಾನು ಹತ್ತು ಹೆಜ್ಜೆ ದೂರದಲ್ಲಿ ಇದ್ದೆ. ರೋಬಸ್ಟಾ ಕುಯ್ಲಿನ ಸಮಯ, ಕಣದಲ್ಲಿ ನಿಂತು ಹಣ್ಣಿನ ತೂಕ ಬರೆಸುತ್ತಿದ್ದೆ. ಕರೆದಿದ್ದರೆ ಕೇಳಿಸುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಯಾಕೆ ಕರೆಯಲಿಲ್ಲ ಅಂತ ಕೇಳಿದೆ. "ನಿನಗೆ ಕೆಲಸ ಇತ್ತಲ್ಲ" ಅಂದರು. ಆ ಮಾತಿಗೆ ಏನು ಉತ್ತರ ಹೇಳಬೇಕು ಅಂತ ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಇಲ್ಲ. ಅವರು ಯಾರನ್ನೂ ಕರೆಯುವ ಮನುಷ್ಯರಲ್ಲ ಅಂತ ನಾನು ಸುಮ್ಮನಿದ್ದುಬಿಟ್ಟಿದ್ದೆ. ನಮ್ಮ ಕಡೆಯ ಗಂಡಸರಿಗೆಲ್ಲ ಇದೊಂದು ರೋಗ. ನೀನೂ ಅದೇ ದಾರಿ ಹಿಡಿದಿದ್ದೀಯ ಅನ್ನಿಸಿ ಬೇಜಾರಾಯಿತು.

ಆ ಜೀಪೂ ಉಳಿಯಲಿಲ್ಲ. 2001, 2002ರಲ್ಲಿ ಕಾಫಿ ಬೆಲೆ ನೆಲ ಕಚ್ಚಿತಲ್ಲ, ಕುಯ್ಯುವ ಕೂಲಿ ಹುಟ್ಟಿದರೆ ಸಾಕು ಅನ್ನುವ ಹಾಗಿತ್ತು. ಸಿಕ್ಕಿದ ಬೆಲೆಗೆ ಕೊಟ್ಟೆವು. ನಿನ್ನ ಮಾವ ಎಡಗೈಯಲ್ಲಿ ಕೀ ಕೊಟ್ಟರು. ಈಗ ಅಂಥ ಜೀಪ್ ರಸ್ತೆಯಲ್ಲಿ ಕಂಡರೆ ನನಗೆ ಅದರ ಮಡ್‌ಗಾರ್ಡ್ ಒಂದೇ ಕಾಣುತ್ತದೆ. ಎಲ್ಲಿಂದ ಎಲ್ಲಿಗೋ ಹೋದೆ.

ಬೋಲ್ಟ್ ವಿಷಯ ಒಂದು ಹೇಳಬೇಕಿತ್ತು. ಅಣ್ಣ ಮಾಡುವುದನ್ನು ನೋಡಿದ್ದು. ಅದೇ ಥ್ರೆಡ್ಡಿನ ಎರಡು ಉದ್ದ ಬೋಲ್ಟ್ ತೆಗೆದುಕೊಂಡು ತಲೆ ಕತ್ತರಿಸಿಬಿಡುತ್ತಿದ್ದ. ಎಡಕ್ಕೊಂದು ಬಲಕ್ಕೊಂದು ಮೊದಲೇ ತಿರುಗಿಸಿ ಇಟ್ಟರೆ ತೂತು ಹುಡುಕುತ್ತಾ ಕೈಯಲ್ಲಿ ಹೊತ್ತು ನಿಲ್ಲಬೇಕಾಗಿಲ್ಲ. ಅದೇ ದಾರಿ ತೋರಿಸುತ್ತದೆ, ಸ್ವಲ್ಪ ಹೊತ್ತು ತಡೆದೂ ಹಿಡಿಯುತ್ತದೆ. ಸರಿಯಾದ ಬೋಲ್ಟ್ ಒಂದೊಂದು ಕೂತ ಮೇಲೆ ಅದನ್ನು ತೆಗೆದರಾಯಿತು. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಹಳೇ ಗಾಡಿಗಳಲ್ಲಿ ಇಂಚಿನ ಬೋಲ್ಟ್. ಸುಂಟಿಕೊಪ್ಪದ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಮಿಲಿಮೀಟರ್ ಬೋಲ್ಟ್ ತಂದು ತುರುಕಬೇಡ. ಥ್ರೆಡ್ ಹಾಳಾದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತೀಯ, ಆಗ ಮತ್ತೆ ಜಾರುವ ಭಯ.

ನಿಮ್ಮಪ್ಪನ ಹೆಸರು ಎತ್ತುವುದಿಲ್ಲ ಅಂತ ಕೂತು ಅವನ ವಿದ್ಯೆಯನ್ನೇ ನಿನಗೆ ಬರೆದೆ ನೋಡು. ಇರಲಿ.

ಕೂತ ಮೇಲೂ ಅವಸರ ಬೇಡ. ಎಲ್ಲ ಬೋಲ್ಟ್ ಕೈಯಲ್ಲೇ ತಿರುಗಿಸಿ ಬಿಡು. ಎರಡೂ ಕಡೆ ಸಂದು ನೋಡು. ಪೇಂಟ್ ಮಾಡುವ ಮೊದಲು ಹಿಂಜಿನ ಸುತ್ತ ಗುರುತು ಹಾಕಿದ್ದೆ ಅಂದಿದ್ದೀಯ, ಒಳ್ಳೆಯದಾಯಿತು. ಬಿಗಿಯುವುದು ಆಮೇಲೆ. ಮೊದಲ ಸಲ ಲಾಕ್ ಬಿಚ್ಚಿಟ್ಟೇ ಇಳಿಸಿ ನೋಡು. ಸಂದು ಸರಿ ಇಲ್ಲದೆ ಲಾಕ್ ಕಚ್ಚಿಕೊಂಡರೆ ತೆರೆಯಲು ಪಡಬಾರದ ಪಾಡು ಪಡಬೇಕು. ಇನ್ನೊಂದು, ಲಾಕ್ ತಪ್ಪಿದರೂ ತಡೆದು ಹಿಡಿಯುವ ಕೊಕ್ಕೆ ಇರುತ್ತದಲ್ಲ, ಅದು ಸರಿಯಾಗಿ ಸಿಕ್ಕುತ್ತದಾ ಅಂತ ನೋಡದೆ ಗಾಡಿ ರಸ್ತೆಗೆ ತರಬೇಡ. ಸಂಪಾಜೆ ಘಾಟಿಯಲ್ಲಿ ಬಾನೆಟ್ ಎದ್ದು ಕಣ್ಣಿಗೆ ಅಡ್ಡ ಬಂದರೆ ಅಂತ ನಾನು ಬರೆಯಬಾರದಿತ್ತು. ಬರೆದೆ. ನಿನಗೆ ಇದ್ದ ಒಂದು ಭಯಕ್ಕೆ ಇನ್ನೊಂದು ಸೇರಿಸಿದ ಹಾಗಾಯಿತು.

ಜೂನ್ ಒಳಗೆ ಮುಗಿಸಬೇಕು ಅನ್ನುವುದು ಸರಿ. ಮಳೆ ಹಿಡಿದರೆ ಶೆಡ್ಡಿನಲ್ಲಿ ಏನೂ ಒಣಗುವುದಿಲ್ಲ, ಉಜ್ಜಿದ ತಗಡು ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಆದರೆ ಬೆಳಿಗ್ಗೆ ಮಾಡು. ಈ ತಿಂಗಳಲ್ಲಿ ಸಂಜೆ ಗುಡುಗುಮಳೆಗೆ ಮೊದಲು ಗಾಳಿ ನುಗ್ಗುತ್ತದೆ, ತೂಗುತ್ತಿರುವ ಬಾನೆಟ್ಟಿಗೆ ಅಷ್ಟು ಸಾಕು. ಶೆಡ್ಡಿನ ಬಾಗಿಲು ಹಾಕಿಕೋ. ಚಪ್ಪಲಿಯಲ್ಲಿ ಮಾಡಬೇಡ, ಶೂ ಹಾಕು. ಹಿಂಜ್ ಮಡಚುವ ಕಡೆ ಬೆರಳು ಇಡಬೇಡ. ಜಾರಿದರೆ ಬಿಡು. ಎಷ್ಟು ಸಲ ಬರೆದೆ ಇದನ್ನ? ಇನ್ನೂ ಸಾಲದು ಅನ್ನಿಸುತ್ತಿದೆ.

ನಾನು ಬರಬಹುದು. ಇಲ್ಲಿಂದ ಸಿದ್ದಾಪುರ, ಚೆಟ್ಟಳ್ಳಿ ಮೇಲೆ ಬೆಳಿಗ್ಗೆಯೇ ಬಂದುಬಿಡುತ್ತೇನೆ. ಸಂಜೆ ಮಾತ್ರ ಬೇಗ ಬಿಡಬೇಕು, ಸಿದ್ದಾಪುರದ ಕಡೆ ಕತ್ತಲಾದರೆ ಆನೆ. ಎತ್ತುವ ಶಕ್ತಿ ಈಗಿಲ್ಲ. ಆದರೆ ಬಲಗಡೆ ನಿಂತು ಮೂಲೆ ಎಲ್ಲಿ ಹೋಗುತ್ತಿದೆ ಅಂತ ಹೇಳಲು ಶಕ್ತಿ ಯಾಕೆ ಬೇಕು, ಅಲ್ವಾ? ಬೇಡ ಅಂದರೂ ನನಗೆ ಸಿಟ್ಟಿಲ್ಲ. ಬೇಡ ಅನ್ನುವುದಾದರೆ ಮಾಡುವ ದಿನ ಮೊದಲೇ ತಿಳಿಸು, ತೋಟದ ಕೆಲಸದವರ ಲೈನ್ ಮನೆಯಿಂದ ಯಾರನ್ನಾದರೂ ಶೆಡ್ಡಿನ ಹತ್ತಿರ ಸುಮ್ನೆ ಕೂರಿಸಿಕೋ. ಹಿಡಿಯುವುದು ಬೇಡ, ಕೂಗಿದರೆ ಕೇಳಿಸಿದರೆ ಸಾಕು.

ನಿನ್ನ ಅತ್ತೆ

ಮರೆತಿದ್ದೆ. ಬ್ಯಾಟರಿ ವೈರ್ ಮೊದಲೇ ಬಿಚ್ಚಿಡು, ತಗಡು ತಾಗಿದರೆ ಕಿಡಿ ಹಾರುತ್ತದೆ. ಆ ಕಿಡಿಗೆ ಬೆಚ್ಚಿಬಿದ್ದೇ ಕೈ ಬಿಟ್ಟುಹೋಗುತ್ತದೆ.