ಬಣ್ಣವನ್ನು ಕಣ್ಣಳತೆಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಫೋಟೊ ತಿದ್ದುವವರಿಗೆ ಎಂಥ ಮಾನಿಟರ್ ಬೇಕು ಎಂಬ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಪರದೆಯ ಗಾತ್ರ, ರೆಸಲ್ಯೂಷನ್, ಪ್ಯಾನೆಲ್ ಬಗೆ ಎಲ್ಲವನ್ನೂ ಲೇಖಕರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಬಣ್ಣದ ಮಾತು ಬಂದಾಗ ಮಾತ್ರ ‘ಕಣ್ಣಿಗೆ ಹಿತವಾಗುವಂತೆ ಹೊಂದಿಸಿಕೊಳ್ಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಕಲಾಕೃತಿಗಳ ಛಾಯಾಚಿತ್ರಗಳನ್ನು ಪುಸ್ತಕ ಮುದ್ರಣಕ್ಕೆ ಸಿದ್ಧಪಡಿಸುವುದು ನನ್ನ ವೃತ್ತಿ. ಆ ಒಂದು ಸಾಲನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಕಣ್ಣು ಹೋಲಿಸಬಲ್ಲದು, ಅಳೆಯಲಾರದು. ಎರಡು ಬೂದು ಚೌಕಗಳನ್ನು ಅಕ್ಕಪಕ್ಕ ಇಟ್ಟರೆ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅದೇ ಕಣ್ಣು ಒಂದೇ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರೆ, ಅಲ್ಲಿನ ಬಿಳಿ ನೀಲಿಗಟ್ಟಿದ್ದರೂ ಹಳದಿಗಟ್ಟಿದ್ದರೂ ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಬಿಸಿಲಿನಲ್ಲಿಯೂ ಬಲ್ಬಿನ ಬೆಳಕಿನಲ್ಲಿಯೂ ಕಾಗದ ನಮಗೆ ಬಿಳಿಯಾಗಿಯೇ ಕಾಣುವುದು ಈ ಹೊಂದಾಣಿಕೆಯಿಂದಲೇ. ದಿನನಿತ್ಯದ ಬದುಕಿಗೆ ಇದು ದೊಡ್ಡ ಅನುಕೂಲ, ಬಣ್ಣ ತಿದ್ದುವವರಿಗೆ ಅಷ್ಟೇ ದೊಡ್ಡ ತೊಡಕು. ಹಿತವಾಗಿದೆ ಎನ್ನಿಸಿದ ಮಾತ್ರಕ್ಕೆ ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ.

ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ದೂರು ‘ಮುದ್ರಣ ಕಪ್ಪಾಗಿ ಬಂದಿದೆ’ ಎಂಬುದು. ಹಿರಿಯ ಕಲಾವಿದರೊಬ್ಬರ ತೈಲಚಿತ್ರದಲ್ಲಿ ಕಡುನೀಲಿ ಬಟ್ಟೆಯೊಂದು ಮೇಜಿನಿಂದ ಇಳಿಬಿದ್ದಿತ್ತು. ಅವರೇ ತಿದ್ದಿಕೊಟ್ಟ ಫೈಲಿನಿಂದ ಪರೀಕ್ಷೆಗೆಂದು ಮೊದಲು ಮುದ್ರಿಸಿ ತೆಗೆದ ಪ್ರೂಫ್‌ನಲ್ಲಿ ನೆರಿಗೆಗಳೆಲ್ಲ ಅಳಿಸಿಹೋಗಿ ಬಟ್ಟೆ ಒಂದೇ ಮಸಿಯ ಮುದ್ದೆಯಾಗಿತ್ತು. ಅವರ ಪರದೆಯಲ್ಲಿ ಮಾತ್ರ ನೆರಿಗೆಗಳು ಎಣಿಸುವಷ್ಟು ಸ್ಪಷ್ಟ. ತಪ್ಪೆಲ್ಲ ಮುದ್ರಕರದು ಎಂದು ಅವರು ಕೋಪಗೊಂಡಿದ್ದರು. ಅವರ ಮಾನಿಟರ್‌ಗೆ ಕಲರಿಮೀಟರ್ ಎಂಬ, ಪರದೆಯ ಬೆಳಕನ್ನೂ ಬಣ್ಣವನ್ನೂ ಅಳೆಯುವ ಉಪಕರಣ ಇಟ್ಟು ನೋಡಿದೆ. ಮುದ್ರಣದ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಹೊಳಪು ಸಾಕು. ಅವರ ಪರದೆ ಅದರ ಎರಡು ಪಟ್ಟನ್ನೂ ದಾಟಿ ಉರಿಯುತ್ತಿತ್ತು. ಹೊಳಪನ್ನು ಇಳಿಸಿದೊಡನೆ ಪ್ರೂಫ್‌ನಲ್ಲಿ ಕಂಡ ಮಸಿಯ ಮುದ್ದೆ ಪರದೆಯಲ್ಲಿಯೂ ಕಾಣಿಸಿತು. ಅವರು ಬೇರೆ ಮಾತಾಡದೆ ಕುಳಿತು, ನೆರಳಿನ ಭಾಗವನ್ನಷ್ಟೇ ಮೇಲೆತ್ತಿದರು. ಮರುಪ್ರೂಫ್‌ನಲ್ಲಿ ನೆರಿಗೆಗಳು ಬಂದವು. ಎಷ್ಟೋ ಮಾನಿಟರ್‌ಗಳು ಪೆಟ್ಟಿಗೆಯಿಂದ ಹೊರಬರುವಾಗ ಹೀಗೆಯೇ ಕಣ್ಣು ಕೋರೈಸುವಂತೆ ಇರುತ್ತವೆ. ಮುದ್ರಕರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನು ಕ್ಯಾಲಿಬ್ರೇಷನ್, ಪ್ರೊಫೈಲ್ ಎರಡೂ ಒಂದೇ ಎಂಬಂತೆ ಮಾತಾಡುವುದು ರೂಢಿಯಾಗಿದೆ. ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರುವುದು ಕ್ಯಾಲಿಬ್ರೇಷನ್; ಹಾಗೆ ತಂದ ಮೇಲೂ ಆ ತಕ್ಕಡಿ ಎಲ್ಲೆಲ್ಲಿ ಎಷ್ಟು ಹೆಚ್ಚುಕಡಿಮೆ ತೋರಿಸುತ್ತದೆ ಎಂದು ಬರೆದಿಟ್ಟ ಚೀಟಿ ಪ್ರೊಫೈಲ್. ಮೊದಲನೆಯದರಲ್ಲಿ ಹೊಳಪನ್ನೂ, ಬಿಳಿಯ ಛಾಯೆಯನ್ನೂ (ಸಾಮಾನ್ಯವಾಗಿ 6500 ಕೆಲ್ವಿನ್ ಆಸುಪಾಸು), ಕಪ್ಪಿನಿಂದ ಬಿಳಿಯವರೆಗೆ ಹೊಳಪು ಏರುವ ಬಗೆಯಾದ ಗಾಮಾವನ್ನೂ (ಸಾಮಾನ್ಯವಾಗಿ 2.2) ಗೊತ್ತಾದ ಗುರಿಗೆ ತರುತ್ತೇವೆ. ಎರಡನೆಯದರಲ್ಲಿ ತಂತ್ರಾಂಶವು ಪರದೆಯ ಮೇಲೆ ಒಂದೊಂದಾಗಿ ಬಣ್ಣದ ಚೌಕಗಳನ್ನು ತೋರಿಸುತ್ತದೆ, ಉಪಕರಣ ಅವನ್ನು ಅಳೆಯುತ್ತದೆ, ಫಲಿತಾಂಶ ಐಸಿಸಿ ಪ್ರೊಫೈಲ್ ಎಂಬ ಫೈಲಿನಲ್ಲಿ ದಾಖಲಾಗುತ್ತದೆ. ಈ ಏರ್ಪಾಡಿಗೆ ರೂಪ ಕೊಟ್ಟ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ) ಎಂಬ ಅಂತರರಾಷ್ಟ್ರೀಯ ಒಕ್ಕೂಟ 1993ರಲ್ಲಿ ಹುಟ್ಟಿತು. ಈ ಏರ್ಪಾಡಿನ ತಳಹದಿಯಾದ, ಬಣ್ಣವನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿ 1931ರಷ್ಟು ಹಳೆಯದು. ಬೇರೆಯವರ ಮಾನಿಟರ್ ಅದೇ ಮಾದರಿಯದಾದರೂ ಅವರ ಪ್ರೊಫೈಲನ್ನು ತಂದು ಹಾಕಿಕೊಳ್ಳಬಾರದು. ಒಂದೇ ಮಾದರಿಯ ಎರಡು ಪರದೆಗಳು ಒಂದೇ ರೀತಿ ಬೆಳಗುವುದಿಲ್ಲ, ಹಳತಾದಂತೆ ಹಿಂಬೆಳಕು ಬದಲಾಗುತ್ತಲೇ ಹೋಗುತ್ತದೆ.

ಅಳೆಯುವ ಕೆಲಸಕ್ಕೆ ತಾಳ್ಮೆ ಬೇಕು, ಅಷ್ಟೇ. ಅರ್ಧ ಗಂಟೆ ಮಾನಿಟರ್ ಬೆಚ್ಚಗಾಗಲಿ. ರಾತ್ರಿಯ ಹಳದಿ ಬೆಳಕಿನ ಸೌಲಭ್ಯವನ್ನೂ, ತಾನಾಗಿ ಹೊಳಪು ಏರಿಳಿಸುವ ಸೌಲಭ್ಯವನ್ನೂ ನಿಲ್ಲಿಸಿ. ಪರದೆಯನ್ನು ತುಸು ಹಿಂದಕ್ಕೆ ವಾಲಿಸಿದರೆ ಕಲರಿಮೀಟರ್ ಗಾಜಿಗೆ ಅಂಟಿಕೊಂಡಂತೆ ಕೂರುತ್ತದೆ, ಸಂದಿಯಿಂದ ಹೊರಬೆಳಕು ನುಗ್ಗುವುದಿಲ್ಲ. ಅವಸರದಲ್ಲಿ ಬಹಳ ಜನ ಬಿಟ್ಟುಬಿಡುವ ಹೆಜ್ಜೆಯೊಂದಿದೆ: ನಿಮ್ಮ ಪರದೆಯ ಹಿಂಬೆಳಕು ಯಾವ ಬಗೆಯದು ಎಂದು ತಂತ್ರಾಂಶಕ್ಕೆ ತಿಳಿಸುವುದು. ಕಲರಿಮೀಟರ್‌ನೊಳಗಿನ ಬಣ್ಣದ ಶೋಧಕಗಳು (ಫಿಲ್ಟರ್‌ಗಳು) ಮನುಷ್ಯನ ಕಣ್ಣಿಗೆ ಪೂರ್ತಿ ಹೊಂದುವಂಥವಲ್ಲ. ಬಿಳಿ ಎಲ್‌ಇಡಿಗೊಂದು, ಹೆಚ್ಚು ಗಾಢ ಬಣ್ಣಗಳನ್ನು ತೋರಿಸಬಲ್ಲ ವಿಸ್ತಾರ ವರ್ಣವ್ಯಾಪ್ತಿಯ ಪರದೆಗೆ ಇನ್ನೊಂದು ತಿದ್ದುಪಡಿ ಬೇಕು. ಇದನ್ನು ತಪ್ಪಾಗಿ ಆರಿಸಿದರೆ ಉಪಕರಣವೇ ದಾರಿ ತಪ್ಪಿಸುತ್ತದೆ.

ಎಲ್ಲ ಮುಗಿದ ಮೇಲೆ ನಾನು ಮೊದಲು ತೆರೆಯುವುದು ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳ ಚಿತ್ರವನ್ನು. ಅಳೆಯದ ಪರದೆಯಲ್ಲಿ ಕೆಳಗಿನ ಕಡುಬೂದು ನಸುಗೆಂಪಿಗೆ, ನಡುವಿನದು ಹಸಿರಿಗೆ ಜಾರಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅಂಥ ಪರದೆಯನ್ನು ನಂಬಿ ಮುಖದ ಬಣ್ಣ ತಿದ್ದಿದರೆ ಏನಾಗಬಹುದು, ಯೋಚಿಸಿ. ಸರಿಯಾಗಿ ಅಳೆದ ಪರದೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಬೂದು ಬೂದಾಗಿಯೇ ಇರುತ್ತದೆ. ಆ ಚಿತ್ರವನ್ನು ನೋಡುವಾಗ ಆಗುವ ಸಮಾಧಾನ ನನಗೆ ಇಂದಿಗೂ ಹಳತಾಗಿಲ್ಲ.

ದುಬಾರಿ ಮಾನಿಟರ್ ಕೊಂಡರೆ ಈ ತಾಪತ್ರಯ ಇರುವುದಿಲ್ಲ ಎಂಬ ನಂಬಿಕೆಯೂ ಹುಸಿ. ವಿಸ್ತಾರ ವ್ಯಾಪ್ತಿಯ ಪರದೆಯಲ್ಲಿ ಪ್ರೊಫೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶ ಬಳಸಿದರೆ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ವರ್ಣವ್ಯಾಪ್ತಿಯ ಚಿತ್ರದ ಕೆನ್ನೆ ಕೂಡ ಕೆಂಡದಂತೆ ಕಾಣುತ್ತದೆ.

ಈ ಅಳತೆಗೆ ಬೇಕಾದ ಆರ್ಗಿಲ್ ಸಿಎಂಎಸ್, ಡಿಸ್‌ಪ್ಲೇಕ್ಯಾಲ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕೊಳ್ಳಬೇಕಾದದ್ದು ಕಲರಿಮೀಟರ್ ಒಂದೇ. ಅದೂ ತಿಂಗಳಿಗೊಮ್ಮೆ ಕೆಲವು ನಿಮಿಷಗಳ ಕೆಲಸಕ್ಕೆ ಬೇಕಾಗುವ ವಸ್ತು, ಆದ್ದರಿಂದ ಹತ್ತಾರು ಜನ ಹಂಚಿಕೊಂಡು ಬಳಸಬಹುದು. ಛಾಯಾಗ್ರಾಹಕರ ಸಂಘಗಳು, ಕಲಾಶಾಲೆಗಳು ಒಂದೊಂದನ್ನು ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸದಸ್ಯರಿಗೆ ಎರವಲು ಕೊಡಲಿ ಎಂದು ವಿನಂತಿಸುತ್ತೇನೆ. ಫೋಟೊ ತಿದ್ದುವುದನ್ನು ಕಲಿಸುವ ಕಡೆಗಳಲ್ಲಂತೂ ಮೊದಲ ಪಾಠ ಇದೇ ಆಗಬೇಕು. ಈಗ ಅಲ್ಲಿ ವಿದ್ಯಾರ್ಥಿಗಳು ಒಂದೊಂದು ಪರದೆಯಲ್ಲಿ ಒಂದೊಂದು ಬಣ್ಣ ನೋಡುತ್ತ ಒಂದೇ ಚಿತ್ರವನ್ನು ತಿದ್ದುತ್ತಿದ್ದಾರೆ.

ತಾವು ಮುಂದೆ ಮಾನಿಟರ್ ಬಗ್ಗೆ ಬರೆಸುವಾಗ ಅದನ್ನು ಅಳೆಯುವ ಬಗೆಗೂ ಅರ್ಧ ಪುಟ ಮೀಸಲಿಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರ ಸಂಸ್ಕರಣೆಯ ವೃತ್ತಿಯಲ್ಲಿರುವ ಓದುಗ