ಆರೋಪ ಹೊತ್ತ ಅಭ್ಯರ್ಥಿ ಮತ್ತು ಮತದಾರನ ನಿಷ್ಠೆ

ಮಾನ್ಯ ಸಂಪಾದಕರೇ,

ಅಭ್ಯರ್ಥಿಯೊಬ್ಬರ ಮೇಲೆ ದುರ್ನಡತೆಯ ಆರೋಪ ಬಂದಾಗಲೆಲ್ಲ ಅವರ ಪಕ್ಷದ ಬೆಂಬಲಿಗರಿಂದ ಕೇಳಿಬರುವ ಮೊದಲ ಮಾತು, ‘ಇನ್ನೂ ಸಾಬೀತಾಗಿಲ್ಲವಲ್ಲ’ ಎಂಬುದು. ನ್ಯಾಯಾಲಯದಲ್ಲಿ ಈ ಮಾತಿಗೆ ಪೂರ್ಣ ಬೆಲೆಯಿದೆ, ಇರಲೇಬೇಕು. ಅಲ್ಲಿ ತೀರ್ಮಾನವಾಗುವುದು ಒಬ್ಬರ ಸ್ವಾತಂತ್ರ್ಯ. ಮತಗಟ್ಟೆಯಲ್ಲಿ ನಾವು ತೀರ್ಮಾನಿಸುವುದು ಐದು ವರ್ಷಗಳ ಅಧಿಕಾರ ಯಾರ ಕೈಗೆ ಎಂಬುದನ್ನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅನರ್ಹತೆ ಬರುವುದು ಅಪರಾಧ ಸಾಬೀತಾದ ಮೇಲೆಯೇ. ವಿಚಾರಣೆಗಳು ವರ್ಷಗಟ್ಟಲೆ ಎಳೆಯುವ ನಮ್ಮಲ್ಲಿ, ತೀರ್ಪು ಬರುವ ಹೊತ್ತಿಗೆ ಆರೋಪಿಯು ಶಾಸಕರಾಗಿ ಒಂದೆರಡು ಅವಧಿಯನ್ನೇ ಮುಗಿಸಿರಬಹುದು.

ಅದೇ ಆರೋಪ ಎದುರಾಳಿಯ ಮೇಲೆ ಬಂದರೆ ಇದೇ ಬೆಂಬಲಿಗರು ಅಂದೇ ರಾಜೀನಾಮೆ ಕೇಳುತ್ತಾರೆ. ದೂರು ಕೊಟ್ಟವಳು ಹೆಣ್ಣುಮಗಳಾದರಂತೂ ಅಭ್ಯರ್ಥಿಯ ನಡತೆಗಿಂತ ಮೊದಲು ಆಕೆಯ ಉದ್ದೇಶವನ್ನೇ ಕೆದಕುತ್ತಾರೆ. ಇದು ನನ್ನನ್ನು ಅತ್ಯಂತ ನೋಯಿಸುವ ಸಂಗತಿ. ಚುನಾವಣೆಯ ಕಾಲದಲ್ಲಿ ಸುಳ್ಳು ಆರೋಪಗಳೂ ಹುಟ್ಟಿಕೊಳ್ಳುತ್ತವೆ, ನಿಜ. ಆದ್ದರಿಂದಲೇ ಯಾವ ಅಪರಾಧದ ಮೊಕದ್ದಮೆ ಇದೆ, ನ್ಯಾಯಾಲಯ ಆರೋಪ ನಿಗದಿಪಡಿಸಿದೆಯೇ ಎಂಬುದನ್ನು ಮತದಾರ ಅಭ್ಯರ್ಥಿ ನಾಮಪತ್ರದೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ನೋಡಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಈ ಮಾಹಿತಿಯನ್ನು ನಮ್ಮ ಹಕ್ಕೆಂದು ಒಪ್ಪಿದೆ.

ಅಭ್ಯರ್ಥಿಯನ್ನು ಒಲ್ಲೆನೆಂದರೆ ಪಕ್ಷಕ್ಕೆ ದ್ರೋಹ ಬಗೆದಂತೆ ಎಂದು ಭಾವಿಸುವವರು 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅಲಬಾಮಾದಲ್ಲಿ ನಡೆದ ಸೆನೆಟ್ ಚುನಾವಣೆಯನ್ನು ಗಮನಿಸಬೇಕು. ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ದಶಕಗಳ ಹಿಂದೆ ಹದಿಹರೆಯದ ಹುಡುಗಿಯರೊಂದಿಗೆ ಅನುಚಿತವಾಗಿ ನಡೆದುಕೊಂಡಿದ್ದರೆಂಬ ಆರೋಪಗಳಿದ್ದವು. ಅವರು ಅವನ್ನು ನಿರಾಕರಿಸಿದ್ದರು. ಅದೇ ರಾಜ್ಯದ ರಿಪಬ್ಲಿಕನ್ ಸೆನೆಟರ್ ರಿಚರ್ಡ್ ಶೆಲ್ಬಿ, ಮೂರ್‌ಗೆ ಮತ ನೀಡದೆ ತಮ್ಮ ಪಕ್ಷದ ಇನ್ನೊಬ್ಬರ ಹೆಸರನ್ನು ಮತಪತ್ರದಲ್ಲಿ ಬರೆದುದಾಗಿ (ಅಲ್ಲಿ ಅದಕ್ಕೆ ಅವಕಾಶವಿದೆ) ಬಹಿರಂಗವಾಗಿಯೇ ಹೇಳಿದರು. ಹೀಗೆ ಬೇರೆ ಹೆಸರು ಬರೆದ ಮತಗಳು 22 ಸಾವಿರ ದಾಟಿದವು, ಮೂರ್ ಸೋತ ಅಂತರ ಅದಕ್ಕಿಂತ ಕಡಿಮೆಯಿತ್ತು. ಶೆಲ್ಬಿ ಪಕ್ಷ ಬಿಡಲಿಲ್ಲ, ವಿರೋಧಿಗೂ ಮತ ಹಾಕಲಿಲ್ಲ. ನಮಗೂ 2013ರಿಂದ ‘ನೋಟಾ’ ಇದೆ. ಅದಕ್ಕೆ ಫಲಿತಾಂಶವನ್ನು ಬದಲಿಸುವ ಬಲವಿಲ್ಲದಿದ್ದರೂ ಟಿಕೆಟ್ ಹಂಚುವವರು ಆ ಮತಗಳ ಲೆಕ್ಕ ಹಾಕಿಯೇ ಹಾಕುತ್ತಾರೆ.

ಕ್ರಿಮಿನಲ್ ಮೊಕದ್ದಮೆ ಇರುವವರನ್ನೇ ಏಕೆ ಆರಿಸಿದಿರಿ, ಅಂಥ ಹಿನ್ನೆಲೆ ಇಲ್ಲದವರು ಏಕೆ ಸಿಗಲಿಲ್ಲ ಎಂಬುದನ್ನು ಪಕ್ಷಗಳು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ‘ಗೆಲ್ಲುವ ಸಾಮರ್ಥ್ಯ’ವೊಂದೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಆ ವಿವರಗಳು ಮೂಲೆಯ ಸಣ್ಣ ಅಕ್ಷರದ ಜಾಹೀರಾತಿನಲ್ಲಿ ಅಡಗಿದರೆ ಆದೇಶದ ಉದ್ದೇಶ ಈಡೇರದು. ಮುಂದಿನ ಚುನಾವಣೆಯಲ್ಲಿ ತಮ್ಮ ಪತ್ರಿಕೆ ಪ್ರತಿ ಕ್ಷೇತ್ರದ ಅಭ್ಯರ್ಥಿಗಳ ಮೇಲಿನ ಮೊಕದ್ದಮೆಗಳನ್ನೂ ಪಕ್ಷ ಕೊಟ್ಟ ಕಾರಣವನ್ನೂ ಸುದ್ದಿಯ ಪುಟದಲ್ಲಿಯೇ, ಮತದಾನಕ್ಕೆ ಸಾಕಷ್ಟು ಮುಂಚಿತವಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಮತದಾರ