ದೀಪ ಆರಿಸಿದಿರಿ, ತೊಂದರೆ ಹಾಗೇ ಬಿಟ್ಟಿರಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಬೇಡದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಹಾಕಿದ್ದು, ಹಳೆಯದು ವಾಪಸ್ ಕೊಡದೇ ಇರುವುದು

ಆರು ಸಲ ಫೋನ್ ಮಾಡಿದೆ. ನಾಲ್ಕು ಸಲ ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದರು. ಅದರಲ್ಲೊಂದು ಬೆಳಗ್ಗೆ ಹತ್ತಕ್ಕೆ. ಅವರ ಹಸಿವಿನ ಬಗ್ಗೆ ನನ್ನ ತಕರಾರಿಲ್ಲ, ಆದ್ದರಿಂದ ಬರೆದೇ ಕೊಡುತ್ತಿದ್ದೇನೆ.

ನನ್ನದು 22 ವರ್ಷದ ಪೆಟ್ರೋಲ್ ಪಿಕಪ್. ಎಂಜಿನ್ ದೀಪ ಹತ್ತಿಕೊಂಡು ಎಮಿಷನ್ ಟೆಸ್ಟ್‌ನಲ್ಲಿ ಫೇಲಾಯಿತು ಅಂತ ನಿಮ್ಮಲ್ಲಿಗೆ ತಂದೆ. ಸ್ಕ್ಯಾನರ್ ತೋರಿಸಿದ್ದು ಪಿ 0420. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿರುವಂತೆ ಕಾಣುತ್ತಿಲ್ಲ ಅಂತ ಅದರ ಅರ್ಥ. ಕನ್ವರ್ಟರ್ ಬದಲಾಯಿಸಿ ಅಂತ ಅಲ್ಲ. ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದೆಯಾ, ಎಂಜಿನ್ ಮಿಸ್ ಹೊಡೆಯುತ್ತಿದೆಯಾ, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಸರಿಯಿದೆಯಾ ಅಂತ ಮೊದಲು ನೋಡಬೇಕು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ? ನಿಮ್ಮದೇ ಚೆಕ್‌ಲಿಸ್ಟ್‌ನಲ್ಲಿದೆ. ನನ್ನ ಪ್ರತಿಯಲ್ಲಿ ಆ ಮೂರೂ ಚೌಕಗಳಿಗೆ ಚೆಂದವಾಗಿ ಟಿಕ್ ಹಾಕಿದ್ದೀರಿ.

ಅವತ್ತೇ ಕನ್ವರ್ಟರ್ ಬದಲಾಯಿಸಿ, ಕೋಡ್ ಅಳಿಸಿ, ‘ಸೀದಾ ಟೆಸ್ಟ್‌ಗೆ ಹೋಗಿ ಸರ್’ ಅಂದಿರಿ. ಹೋದೆ. ಎರಡೇ ನಿಮಿಷಕ್ಕೆ ವಾಪಸ್ ಕಳಿಸಿದರು. ಕೋಡ್ ಅಳಿಸಿದರೆ ಗಾಡಿಯ ಕಂಪ್ಯೂಟರ್ ತನ್ನ ತಪಾಸಣೆಗಳನ್ನೆಲ್ಲ ಮೊದಲಿಂದ ಮಾಡಬೇಕು, ಅದು ಮುಗಿಯುವವರೆಗೆ ಟೆಸ್ಟ್ ಮಾಡುವುದಿಲ್ಲವಂತೆ. ದಿನಾ ಇದೇ ಕೆಲಸ ಮಾಡುವ ನಿಮಗೆ ಇದು ಗೊತ್ತಿರಲಿಲ್ಲವಾ? ನಾಲ್ಕು ದಿನ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಒಂದೇ ವೇಗದಲ್ಲಿ ದೂರ ಓಡಿಸಿ, ಟ್ಯಾಂಕ್ ಪೂರ್ತಿ ತುಂಬದೆ, ಪೂರ್ತಿ ಖಾಲಿಯೂ ಆಗದೆ ನೋಡಿಕೊಂಡೆ. ಕೊನೆಗೆ ತಪಾಸಣೆ ಮುಗಿಯಿತು. ಜೊತೆಗೆ ದೀಪವೂ ಹತ್ತಿಕೊಂಡಿತು. ಅದೇ ಪಿ 0420. ಹೊಚ್ಚ ಹೊಸ ಕನ್ವರ್ಟರ್ ಇಟ್ಟುಕೊಂಡು!

ಆಮೇಲೆ ನಿಮ್ಮ ಕೌಂಟರಿನಲ್ಲಿ ನಡೆದದ್ದನ್ನು ಮರೆಯೋಣ ಅಂದುಕೊಂಡಿದ್ದೆ. ಆಗಲಿಲ್ಲ.

ನನ್ನ ಹಿಂದೆ ಐದು ಜನ ನಿಂತಿದ್ದರು. ‘ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ, ಬಿಸಿಯಾದ ಮೇಲೆ ನಿಲ್ಲುತ್ತೆ’ ಅಂದೆ. ನಿಮ್ಮ ಹುಡುಗ ತಲೆ ಎತ್ತಲಿಲ್ಲ. ‘ವಯಸ್ಸಾಗಿದೆ ಸರ್.’ ಗಾಡಿಗೆ ತಾನೇ, ಅಂತ ಕೇಳಿದೆ. ‘ವಯಸ್ಸಾದ ಮೇಲೆ ಅಲ್ಲಿ ಇಲ್ಲಿ ಶಬ್ದ ಬರುತ್ತೆ ಸರ್’ ಅಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕನ್ವರ್ಟರಿಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರಿನ ರೀಡಿಂಗ್ ತೋರಿಸಪ್ಪಾ ಅಂದೆ. ಸ್ಕ್ರೀನನ್ನು ತನ್ನ ಕಡೆಗೆ ತಿರುಗಿಸಿಕೊಂಡ. ‘ಅದು ಇಂಟರ್ನಲ್ ಸರ್.’ ನನ್ನ ಗಾಡಿಯದ್ದು, ಆದರೆ ಇಂಟರ್ನಲ್. ಸರಿ, ತೆಗೆದ ಹಳೇ ಕನ್ವರ್ಟರಾದರೂ ಕೊಡು ಅಂದೆ. ‘ಗುಜರಿ ಸರ್, ನಿಮಗ್ಯಾಕೆ?’ ಅಂತ ಕೇಳಿ, ಹೊಸ ಗಾಡಿಯ ಬ್ರೋಷರ್ ಕೈಗಿಟ್ಟ. ಮೇಲೊಂದು ಪೆನ್ನು. ‘ಇಟ್ಕೊಳ್ಳಿ ಸರ್, ಕಾಂಪ್ಲಿಮೆಂಟರಿ.’

ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಥರದ ದುಬಾರಿ ಲೋಹ ಇರುತ್ತದೆ ಸ್ವಾಮಿ. ಅಂಥ ಗುಜರಿಯ ಮೇಲೆ ನಿಮಗ್ಯಾಕೆ ಅಷ್ಟು ಪ್ರೀತಿ?

ಮಾರನೇ ದಿನ ಒಬ್ಬ ಮೆಕ್ಯಾನಿಕ್ ಬೆಳಗ್ಗೆ ಬಂದು, ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳಿದರು. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಪಕ್ಕ ಕಪ್ಪು ಮಸಿಯ ಗೆರೆ ತೋರಿಸಿದರು. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ ‘ಪೆಟ್ರೋಲ್ ಸಾಲದು’ ಅಂತ ತಪ್ಪು ತಿಳಿಯುತ್ತದೆ, ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ, ಆಗ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಅಂತ ಕಾಣುತ್ತದೆ ಅಂದರು. ಗ್ಯಾಸ್ಕೆಟ್ ಹಾಕಿದರು. ಕೋಡ್ ಅಳಿಸಿ, ‘ಒಂದು ವಾರ ಓಡಿಸಿ, ಆಮೇಲೆ ಟೆಸ್ಟ್‌ಗೆ ಹೋಗಿ’ ಅಂತ ಬಾಯಿ ಬಿಟ್ಟು ಹೇಳಿದರು. ಗಾಡಿ ಪಾಸಾಯಿತು.

‘ನಮ್ಮ ಕನ್ವರ್ಟರಿನಿಂದಲೇ ಪಾಸಾಗಿದ್ದು’ ಅಂತ ನೀವು ಹೇಳುತ್ತೀರಿ, ಗೊತ್ತು. ಹಾಗಾದರೆ ಹಳೆಯದನ್ನು ತನ್ನಿ, ಹಾಕಿ ನೋಡೋಣ. ‘ತೆಗೆದ ಬಿಡಿಭಾಗ ಗ್ರಾಹಕರಿಗೆ ಸೇರಿದ್ದು’ ಅಂತ ನಿಮ್ಮ ಗೋಡೆಯ ಮೇಲೇ ಬರೆದಿದೆ, ಸರಿಯಾಗಿ ಹುಡುಗನ ತಲೆಯ ಮೇಲೆ.

ಕನ್ವರ್ಟರಿನ ಹಣ ಪೂರ್ತಿ ವಾಪಸ್ ಬೇಕು, ಹಳೇ ಕನ್ವರ್ಟರೂ ಬೇಕು. ಭಾನುವಾರದವರೆಗೆ ಕಾಯುತ್ತೇನೆ. ಸೋಮವಾರದಿಂದ ಪಿಕಪ್ಪು ನಿಮ್ಮ ಗೇಟಿನೆದುರು ರಸ್ತೆಯಲ್ಲಿ ನಿಲ್ಲುತ್ತದೆ. ಗಾಜಿಗೆ ನಿಮ್ಮ ಬಿಲ್ಲು ಅಂಟಿಸಿರುತ್ತೇನೆ, ಪಕ್ಕದಲ್ಲೇ ಗ್ಯಾಸ್ಕೆಟ್ಟಿನ ಬಿಲ್ಲು. ಓದಲು ಕನ್ನಡಕ ಬೇಕಾಗದಷ್ಟು ದೊಡ್ಡದಾಗಿ ಬರೆಸುತ್ತೇನೆ. ಹೊಗೆ ಬರುತ್ತದೆ ಅಂತ ನೆಪ ಹೇಳಿ ಓಡಿಸುವ ಹಾಗೂ ಇಲ್ಲ, ಗಾಡಿಗೆ ಈಗ ಸರ್ಟಿಫಿಕೇಟ್ ಇದೆ.

ಇಂತಿ,
ನಿಮ್ಮ ಜಾಬ್ ಕಾರ್ಡಿನಲ್ಲಿ ಹೆಸರಿರುವ ಗಿರಾಕಿ

ಲಗತ್ತು: ಎರಡು ಬಿಲ್ಲುಗಳ ಪ್ರತಿ, ಟಿಕ್ ಹಾಕಿದ ಚೆಕ್‌ಲಿಸ್ಟ್, ಪೆನ್ನು. ಅದು ಬರೆಯುತ್ತಿಲ್ಲ.